ಚುಕ್ಕಿ ಕೂಡಿಸಿದರೆ ಓದು ಬರುವುದಿಲ್ಲ

ಪಕ್ಕದ ಮನೆಯ ಹುಡುಗ ಯುಕೆಜಿಯಲ್ಲಿದ್ದಾನೆ. ಅವನ ತಾಯಿ ಅಂಗಡಿ ಮುಚ್ಚಿ ಬರುವತನಕ ನಮ್ಮ ಪಡಸಾಲೆಯಲ್ಲೇ ಅವನ ಹೋಮ್‌ವರ್ಕ್. ಮೊನ್ನೆ ಅವನಿಗೆ ‘ಗ’ ಬಂದಿತ್ತು. ಕಾಪಿ ಪುಸ್ತಕದಲ್ಲಿ ಚುಕ್ಕಿಗಳಿಂದ ಅಚ್ಚಾದ ‘ಗ’, ಸಾಲಿಗೆ ಐದರಂತೆ ಹತ್ತು ಸಾಲು. ನಾನು ಕಾಳು ಆರಿಸುತ್ತ ಅವನ ಕೈಯನ್ನೇ ನೋಡುತ್ತಿದ್ದೆ. ಅವನು ಒಂದು ‘ಗ’ ಬರೆದು ಮುಂದಿನದಕ್ಕೆ ಹೋಗಲಿಲ್ಲ. ಮೊದಲು ಐವತ್ತಕ್ಕೂ ಕಮಾನು ಎಳೆದ. ಆಮೇಲೆ ಮೇಲಿನಿಂದ ಶುರುಮಾಡಿ ಐವತ್ತಕ್ಕೂ ತಲೆಕಟ್ಟು ಹಾಕಿದ. ಕೆಲಸ ಬೇಗ ಮುಗಿಸಲು ಅವನೇ ಕಂಡುಕೊಂಡ ದಾರಿ ಅದು. ಗೆರೆ ಎಲ್ಲಿಯೂ ಚುಕ್ಕಿ ಬಿಟ್ಟು ಆಚೆ ಹೋಗಿರಲಿಲ್ಲ.

“ಮುಗೀತ್ರಿ ಅಕ್ಕೋರ” ಎಂದು ಪುಸ್ತಕ ತೋರಿಸಿದ. ನಾನು ಅದನ್ನು ಮುಚ್ಚಿಟ್ಟು, ಅಂದಿನ ಪತ್ರಿಕೆಯ ತಲೆಬರಹದಲ್ಲಿದ್ದ ಒಂದು ‘ಗ’ದ ಮೇಲೆ ಬೆರಳಿಟ್ಟು “ಇದ್ಯಾವ ಅಕ್ಷರಪಾ?” ಎಂದು ಕೇಳಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಕಣ್ಣು ಮುಚ್ಚಿ “ಕ, ಖ, ಗ, ಘ, ಙ” ಎಂದು ಸರಾಗವಾಗಿ ಹೇಳಿಬಿಟ್ಟ. ‘ಗ’ವನ್ನು ದಾಟಿ ಹೋಗಿದ್ದ. ಎಲ್ಲಿ ನಿಲ್ಲಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಐದು ನಿಮಿಷದ ಹಿಂದೆ ಅದೇ ಅಕ್ಷರವನ್ನು ಐವತ್ತು ಸಲ ಬರೆದ ಕೈ ಅದು.

ರಾತ್ರಿ ತಾಯಿ ಬಂದಾಗ ಹೇಳಿದೆ. “ಅವನ ಕೈ ಇನ್ನೂ ಕುಂತಿಲ್ರಿ ಅಕ್ಕೋರ, ಅದಕ್ಕ ಓದಾಕ ಬರವಲ್ದು. ಸಾಲ್ಯಾಗೂ ಅದನ್ನ ಹೇಳ್ಯಾರ. ಕೈ-ಕಣ್ಣು ಹೊಂದಾಣಿಕಿ ಆಗಬೇಕಂತ” ಎಂದಳು. ಅವಳ ಚೀಲದಲ್ಲಿ ಶಾಲೆಯವರು ಕೊಂಡುಕೊಳ್ಳಲು ಹೇಳಿದ ಇನ್ನೊಂದು ಪುಸ್ತಕವಿತ್ತು: ಚಕ್ರವ್ಯೂಹದೊಳಗೆ ಇಲಿಗೆ ದಾರಿ ತೋರಿಸುವುದು, ಚುಕ್ಕಿ ಕೂಡಿಸಿ ಮೀನು ಮಾಡುವುದು, ಗೆರೆ ದಾಟದಂತೆ ಬಣ್ಣ ತುಂಬುವುದು.

ಅವಳು ಹೇಳಿದ್ದು ಅವಳೊಬ್ಬಳ ಮಾತಲ್ಲ. ಒಂದನೇ ತರಗತಿಯ ಮುಂದೆ ನಿಂತು ಕಳೆದ ನನ್ನ ವರ್ಷಗಳಲ್ಲಿ ಈ ಮಾತನ್ನು ತಂದೆತಾಯಿಗಳಿಂದ, ಸಹೋದ್ಯೋಗಿಗಳಿಂದ, ತಪಾಸಣೆಗೆ ಬಂದವರಿಂದ ಕೇಳಿದ್ದೇನೆ. ಹಳಬರು ‘ಕೈ ತಿದ್ದಿದರೆ ಓದು ತಾನಾಗಿ ಬರುತ್ತದೆ’ ಎನ್ನುತ್ತಿದ್ದರು. ಹೊಸಬರು ‘ಕೈ-ಕಣ್ಣಿನ ಹೊಂದಾಣಿಕೆ ಓದಿನ ಅಡಿಪಾಯ’ ಎನ್ನುತ್ತಾರೆ. ಮಾತಿನ ಬಟ್ಟೆ ಬದಲಾಗಿದೆ, ಒಳಗಿನ ನಂಬಿಕೆ ಒಂದೇ. ಕೈಯನ್ನು ಪಳಗಿಸಿ, ಕಣ್ಣನ್ನು ಪಳಗಿಸಿ, ಎರಡನ್ನೂ ಜೋಡಿಸಿಬಿಟ್ಟರೆ ಮಗು ಓದುತ್ತದೆ ಎಂಬ ನಂಬಿಕೆ. ಇದು ತಪ್ಪು ಎಂದು ನಾನು ಹೇಳುತ್ತಿದ್ದೇನೆ. ಕೈಗೂ ಓದಿಗೂ ಸಂಬಂಧವಿಲ್ಲ ಎನ್ನುತ್ತಿಲ್ಲ. ಸಂಬಂಧ ಗಟ್ಟಿಯಾಗಿಯೇ ಇದೆ. ಆದರೆ ಅದು ನಾವು ಹುಡುಕುತ್ತಿರುವ ಜಾಗದಲ್ಲಿಲ್ಲ.

ಮೊದಲು ಚುಕ್ಕಿ ಅಕ್ಷರದ ವಿಷಯ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಮೂರು ಬಗೆಯಲ್ಲಿ ಕಲಿಸಿದರು. ಕೆಲವನ್ನು ಮಕ್ಕಳು ನೋಡಿ ತಾವೇ ಬರೆದರು, ಕೆಲವನ್ನು ಅಚ್ಚಿನ ಗೆರೆಯ ಮೇಲೆ ತಿದ್ದಿದರು, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿದರು. ಆಮೇಲೆ ಅದೇ ಅಕ್ಷರಗಳನ್ನು ತೋರಿಸುತ್ತ ಮಿದುಳಿನ ಸ್ಕ್ಯಾನ್ ಮಾಡಿದಾಗ, ಓದುವವರ ಮಿದುಳಿನಲ್ಲಿ ಎಚ್ಚರಗೊಳ್ಳುವ ಭಾಗಗಳು ಮಕ್ಕಳು ತಾವೇ ಬರೆದ ಅಕ್ಷರಗಳಿಗೆ ಎಚ್ಚರಗೊಂಡವು. ಕೀಲಿ ಒತ್ತಿದ್ದಕ್ಕೆ ಹಾಗೆ ಆಗಲಿಲ್ಲ. ತಿದ್ದಿದ್ದಕ್ಕೂ ಆಗಲಿಲ್ಲ. ಅಧ್ಯಯನಕ್ಕೆ ಒಳಗಾದ ಮಕ್ಕಳ ಸಂಖ್ಯೆ ಚಿಕ್ಕದು, ಅವರು ಕಲಿತದ್ದು ಇಂಗ್ಲಿಷ್ ಅಕ್ಷರ. ಅದೊಂದರ ಮೇಲೆಯೇ ಮನೆ ಕಟ್ಟಲು ನಾನು ಹೇಳುವುದಿಲ್ಲ. ಆದರೆ ಅದು ಹೇಳುವ ಕಾರಣ ತರಗತಿಯಲ್ಲಿ ನಿಂತವರಿಗೆ ಕೂಡಲೇ ಹೊಳೆಯುತ್ತದೆ. ತಾನೇ ಬರೆಯುವ ಮಗುವಿನ ಅಕ್ಷರ ಪ್ರತಿ ಸಲವೂ ಬೇರೆ. ಒಂದು ‘ಗ’ ಸೊಟ್ಟ, ಒಂದು ದಪ್ಪ, ಒಂದರ ತಲೆಕಟ್ಟು ಜಾರಿ ಭುಜಕ್ಕೆ ಬಂದಿದೆ. ಇಷ್ಟೆಲ್ಲ ಸೊಟ್ಟಗಿದ್ದರೂ ಇವೆಲ್ಲ ‘ಗ’ವೇ ಎಂದು ಮಗುವಿಗೆ ಗೊತ್ತು, ಏಕೆಂದರೆ ಅದೇ ಬರೆದದ್ದು. ಅಕ್ಷರ ಗುರುತಿಸುವುದು ಎಂದರೆ ಇದೇ. ಪತ್ರಿಕೆಯ ‘ಗ’, ಗೋಡೆಯ ‘ಗ’, ಅಪ್ಪನ ಕೈಬರಹದ ‘ಗ’ ಎಲ್ಲದರಲ್ಲೂ ಒಂದೇ ಅಕ್ಷರ ಕಾಣುವುದು. ಚುಕ್ಕಿಯ ಪುಟದಲ್ಲಿ ಐವತ್ತೂ ಒಂದೇ ಅಚ್ಚು, ಐವತ್ತೂ ಬೇರೆಯವರದು. ಮಗುವಿನ ಕಣ್ಣು ಮುಂದಿನ ಚುಕ್ಕಿಯ ಮೇಲಿರುತ್ತದೆ. ಅಕ್ಷರದ ಮೇಲೆ ಇರುವುದೇ ಇಲ್ಲ.

ಇದಕ್ಕೂ ಮೊದಲು, 2005ರಲ್ಲಿ, ಫ್ರಾನ್ಸಿನ ಮರೀಕ್ ಲಾಂಗ್‌ಕಾಂಪ್ ಮತ್ತು ಅವರ ಜೊತೆಯವರು ಮೂರರಿಂದ ಐದು ವರ್ಷದ 76 ಮಕ್ಕಳನ್ನು ತೆಗೆದುಕೊಂಡು, ಕೈಯಲ್ಲಿ ಬರೆದು ಕಲಿತವರನ್ನೂ ಕೀಲಿ ಒತ್ತಿ ಕಲಿತವರನ್ನೂ ಹೋಲಿಸಿದ್ದರು. ಬರೆದು ಕಲಿತವರು ಅಕ್ಷರವನ್ನು ಚೆನ್ನಾಗಿ ಗುರುತಿಸಿದರು, ಆದರೆ ವಯಸ್ಸಿನಲ್ಲಿ ದೊಡ್ಡವರಾದ ಮಕ್ಕಳಲ್ಲಿ ಮಾತ್ರ. ಮೂರು ವರ್ಷದ ಕೂಸಿನ ಮುಷ್ಟಿಗೆ ಪೆನ್ಸಿಲ್ ತುರುಕಿ ‘ಬೇಗ ಶುರುಮಾಡಿದರೆ ಬೇಗ ಓದುತ್ತದೆ’ ಎನ್ನುವವರು ಈ ಮಾತನ್ನು ಗಮನಿಸಬೇಕು.

ಚುಕ್ಕಿಯ ಪುಟವನ್ನು ಸಮರ್ಥಿಸುವವರು ಪರಂಪರೆಯ ಹೆಸರು ಹೇಳುವುದನ್ನು ಕೇಳಿದ್ದೇನೆ. ನಮ್ಮ ಹಿರಿಯರೂ ತಿದ್ದಿಯೇ ಕಲಿತರಲ್ಲ, ಅಕ್ಷರಾಭ್ಯಾಸದಲ್ಲಿ ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುವುದಿಲ್ಲವೇ ಎಂದು. ಹಾಗಾದರೆ ಆ ಅಕ್ಕಿಯ ತಟ್ಟೆಯನ್ನೇ ಒಮ್ಮೆ ನೋಡಿ. ವಿಜಯದಶಮಿಯ ದಿನ ಮಗು ಅಜ್ಜನ ತೊಡೆಯ ಮೇಲೆ ಕೂತಿದೆ. ಅಕ್ಕಿಯಲ್ಲಿ ಚುಕ್ಕಿ ಇಲ್ಲ, ಅಚ್ಚಿನ ಗೆರೆ ಇಲ್ಲ. ದೊಡ್ಡವರ ಕೈ ಮಗುವಿನ ಬೆರಳನ್ನು ಹಿಡಿದು ಅಕ್ಷರವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ನಡೆಸುತ್ತದೆ, ಬಾಯಿ ಅದನ್ನು ಹೇಳುತ್ತದೆ, ಮಗುವೂ ಹೇಳುತ್ತದೆ. ಹಳೆಯ ಊರಶಾಲೆಯಾದ ಕೂಲಿಮಠದಲ್ಲಿ ಐಗಳು ಮರಳಿನ ಮೇಲೆ ಬರೆಸುತ್ತಿದ್ದದ್ದೂ ಹೀಗೆಯೇ: ಬರೆಯುತ್ತ ಕೂಗಿ ಹೇಳಬೇಕು, ಅಳಿಸಿ ಮತ್ತೆ ಬರೆಯಬೇಕು. ಕೈ ಎಂದೂ ಮೂಕವಾಗಿರಲಿಲ್ಲ. ಆ ಮಠಗಳನ್ನು ನಾನು ಹಾಡಿ ಹೊಗಳುತ್ತಿಲ್ಲ. ಅಲ್ಲಿ ಬೆತ್ತವಿತ್ತು, ಅರ್ಥವಿಲ್ಲದ ಬಾಯಿಪಾಠವಿತ್ತು, ಎಷ್ಟೋ ಜಾತಿಗಳ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬಾಗಿಲು ಮುಚ್ಚಿತ್ತು. ಆದರೆ ಅಲ್ಲಿಂದ ನಾವು ಎತ್ತಿಕೊಂಡದ್ದು ಬೆರಳಿನ ಚಲನೆಯೊಂದನ್ನು. ದನಿಯನ್ನು ಅಲ್ಲಿಯೇ ಬಿಟ್ಟು ಬಂದೆವು. ಇವತ್ತಿನ ಶಿಶುವಿಹಾರದಲ್ಲಿ ‘ಬಾಯಿ ಮೇಲೆ ಬೆರಳು, ಎಲ್ಲರೂ ಸುಮ್ಮನೆ ಬರೀರಿ’ ಎಂದು ಹೇಳಿಸಿಕೊಂಡು ಮಕ್ಕಳು ಚುಕ್ಕಿ ಕೂಡಿಸುತ್ತಾರೆ.

ಇನ್ನು ಮಣಿ ಪೋಣಿಸುವುದು, ಚಕ್ರವ್ಯೂಹ, ಬಣ್ಣ ತುಂಬುವುದು, ಸಮತೋಲದ ಹಲಗೆ. ಇವುಗಳಿಂದ ಓದು ಬರುತ್ತದೆ ಎಂಬ ವಿಚಾರ ಹೊಸದೇನಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ನೆವೆಲ್ ಕೆಫಾರ್ಟ್, ಮರಿಯಾನ್ ಫ್ರಾಸ್ಟಿಗ್ ಮುಂತಾದವರ ಹೆಸರಿನಲ್ಲಿ ಇಂಥ ತರಬೇತಿಗಳು ಜೋರಾಗಿ ನಡೆದವು. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಗೆರೆ ಎಳೆಯುವ, ಆಕಾರ ನಕಲು ಮಾಡುವ, ಹಲಗೆಯ ಮೇಲೆ ನಡೆಯುವ ಅಭ್ಯಾಸ ಕೊಟ್ಟರು. ಕೆನೆತ್ ಕವಾಲೆ ಮತ್ತು ಡೆನಿಸ್ ಮ್ಯಾಟ್ಸನ್ ಇಂಥ 180 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿ 1983ರಲ್ಲಿ ಪ್ರಕಟಿಸಿದರು. ಓದಿನ ಮೇಲೆ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ನಲವತ್ತು ವರ್ಷ ಕಳೆದ ಮೇಲೆ ಅದೇ ಸರಕು ಬಣ್ಣದ ರಟ್ಟು ಹೊದ್ದು ನಮ್ಮೂರಿನ ಪುಸ್ತಕದಂಗಡಿಗೆ ಬಂದಿದೆ. ಪಕ್ಕದ ಮನೆಯ ಆ ತಾಯಿ ಅಂಗಡಿಯ ಗಲ್ಲಾದಿಂದ ಎಣಿಸಿ ಅದಕ್ಕೆ ದುಡ್ಡು ಕೊಟ್ಟಿದ್ದಾಳೆ. ನನಗೆ ಸಿಟ್ಟು ಬರುವುದು ಅಲ್ಲಿ.

‘ಹಾಗಾದರೆ ಕೈ ಚುರುಕಿರುವ ಮಕ್ಕಳೇ ಮುಂದೆ ಚೆನ್ನಾಗಿ ಓದುತ್ತಾರಲ್ಲ’ ಎಂದು ಕೇಳುವವರಿದ್ದಾರೆ. ನಿಜ, ಎರಡೂ ಜೊತೆಯಾಗಿ ಕಾಣುತ್ತವೆ. ಐದು ವರ್ಷಕ್ಕೆ ಚೌಕ, ತ್ರಿಕೋನ ನೋಡಿ ಬರೆಯಬಲ್ಲ ಮಗು ಮುಂದೆ ಶಾಲೆಯಲ್ಲಿ ಚೆನ್ನಾಗಿ ಮಾಡುವುದು ಹೆಚ್ಚು ಎಂದು ದೊಡ್ಡ ಸಮೀಕ್ಷೆಗಳೂ ತೋರಿಸಿವೆ. ಆದರೆ ಜೊತೆಗೆ ಕಾಣುವುದೆಲ್ಲ ಕಾರಣವಲ್ಲ. ಒಂದು ಕಡೆ ಕೂತು, ಹೇಳಿದ್ದನ್ನು ಕೇಳಿ, ನೋಡಿದ್ದನ್ನು ನೆನಪಿನಲ್ಲಿಟ್ಟು ಮಾಡುವ ಶಕ್ತಿ ಎರಡಕ್ಕೂ ಬೇಕು. ಮನೆಯಲ್ಲಿ ಕಾಗದ, ಬಣ್ಣ, ಬಿಡುವಿರುವ ದೊಡ್ಡವರು ಇದ್ದರೆ ಎರಡೂ ಬೆಳೆಯುತ್ತವೆ. ಅದರಿಂದ ಮಣಿ ಪೋಣಿಸಿದರೆ ಓದು ಬರುತ್ತದೆ ಎಂದು ಹೇಳಲಾಗದು.

ಮಣಿ ಪೋಣಿಸಬಾರದೇ? ಪೋಣಿಸಲಿ. ಶೇಂಗಾ ಸುಲಿಯಲಿ, ಹಿಟ್ಟು ನಾದಲಿ, ರಂಗೋಲಿ ಹಾಕಲಿ, ಗೋಲಿ ಆಡಲಿ, ಬುಗುರಿ ತಿರುಗಿಸಲಿ, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲಿ. ಬೆರಳಿಗೆ ಬಲ ಬರುತ್ತದೆ, ಪೆನ್ಸಿಲ್ ಹಿಡಿಯುವುದು ಹಗುರಾಗುತ್ತದೆ, ಮಗುವಿಗೆ ಸುಖವಾಗುತ್ತದೆ. ಅಷ್ಟು ಸಾಕು. ಆಟವನ್ನು ಓದಿನ ಹೆಸರಿನಲ್ಲಿ ಸಮರ್ಥಿಸುವ ಅಗತ್ಯವಿಲ್ಲ. ಹಾಗೆ ಸಮರ್ಥಿಸಿದಾಗ ಎರಡೂ ಕೆಡುತ್ತವೆ. ಆಟಕ್ಕೆ ಅಂಕ ಬರುತ್ತದೆ, ಓದು ಕಲಿಸಬೇಕಾದ ಹೊತ್ತು ಮಣಿಯ ಡಬ್ಬಿಗೆ ಹೋಗುತ್ತದೆ.

ಕಣ್ಣಿನ ವಿಷಯದಲ್ಲೂ ಇದೇ ಕತೆ. ಓದು ಹಿಂದುಳಿದ ಮಗುವನ್ನು ‘ಕಣ್ಣಿನ ವ್ಯಾಯಾಮ’ಕ್ಕೆ ಕಳಿಸುವವರಿದ್ದಾರೆ. ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ. ಕಪ್ಪೆಯ ಹಾಗೆ ಹಾರಿ ಹಾರಿ ನಿಲ್ಲುತ್ತದೆ, ಒಂದೊಂದು ಕಡೆ ಸೆಕೆಂಡಿನ ಕಾಲು ಭಾಗದಷ್ಟು. ಓದು ಬಾರದ ಮಗುವಿನ ಕಣ್ಣು ಹೆಚ್ಚು ಸಲ ನಿಲ್ಲುತ್ತದೆ, ಹಿಂದಕ್ಕೂ ಹಾರುತ್ತದೆ. ಅದನ್ನು ನೋಡಿ ಕಣ್ಣಿನ ದೋಷವೆಂದರೆ ಬಂಡಿಯನ್ನು ಎತ್ತಿನ ಮುಂದೆ ಕಟ್ಟಿದಂತೆ. ಶಬ್ದ ಸಿಗದೆ ಕಣ್ಣು ತಡಕಾಡುತ್ತಿದೆ. ನಮಗೆ ಗೊತ್ತಿಲ್ಲದ ಲಿಪಿಯ ಬೋರ್ಡಿನ ಮುಂದೆ ನಿಂತರೆ ನಮ್ಮ ಕಣ್ಣೂ ಹಾಗೆಯೇ ಆಡುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮತ್ತು ಕಣ್ಣಿನ ವೈದ್ಯರ ಸಂಸ್ಥೆಗಳು 2009ರಲ್ಲಿ ಕೂಡಿ ಹೇಳಿಕೆ ಹೊರಡಿಸಿ, ಓದಿನ ತೊಂದರೆಗೆ ಕಣ್ಣಿನ ವ್ಯಾಯಾಮವಾಗಲಿ ಬಣ್ಣದ ಕನ್ನಡಕವಾಗಲಿ ಮದ್ದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ, ತೊಂದರೆಯ ಬೇರು ಭಾಷೆಯಲ್ಲಿದೆ ಎಂದು ಸ್ಪಷ್ಟವಾಗಿ ತಿಳಿಸಿದವು. ಮಗುವಿಗೆ ದೃಷ್ಟಿ ಪರೀಕ್ಷೆ ಖಂಡಿತ ಮಾಡಿಸಬೇಕು. ಹಲಗೆ ಕಾಣದೆ ಹಿಂದುಳಿದ ಮಕ್ಕಳನ್ನು ನಾನೇ ನೋಡಿದ್ದೇನೆ. ಅದು ಬೇರೆ ವಿಷಯ.

ಕೈ ಸರಿ, ಕಣ್ಣು ಸರಿ. ಹಾಗಾದರೆ ತಪ್ಪಿದ್ದೆಲ್ಲಿ? ‘ಕೈ-ಕಣ್ಣು’ ಎನ್ನುವಾಗ ನಾವು ಕಿವಿಯನ್ನು ಬಿಟ್ಟುಬಿಟ್ಟಿದ್ದೇವೆ. ಅಕ್ಷರ ಒಂದು ಚಿತ್ರವಲ್ಲ, ಒಂದು ದನಿಯ ಗುರುತು. ದನಿ ಕೇಳಿಸದ ಮಗುವಿಗೆ ಗುರುತು ಎಷ್ಟು ತಿದ್ದಿದರೂ ಗೆರೆಯಾಗಿಯೇ ಉಳಿಯುತ್ತದೆ.

ಕನ್ನಡದಲ್ಲಿ ಇದು ಇನ್ನೂ ಮುಖ್ಯ. ನಮ್ಮ 34 ವ್ಯಂಜನಗಳಿಗೆ ಕಾಗುಣಿತ ಹಾಕಿದರೆ ಐನೂರು ದಾಟುತ್ತದೆ. ಒತ್ತಕ್ಷರ ಸೇರಿಸಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ತಿಳಿವು ಪೂರ್ತಿ ಕೈಗೂಡಲು ಮೂರು-ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ ಎಂದು ಕಂಡುಬಂತು. ಇಂಗ್ಲಿಷಿನ 26 ಅಕ್ಷರಕ್ಕೆ ಹೇಗೋ ಸಾಲುವ ಚುಕ್ಕಿಯ ಪುಟವನ್ನು ಐನೂರಕ್ಕೆ ಯಾರು ಅಚ್ಚು ಹಾಕುತ್ತಾರೆ, ಯಾವ ಮಗು ತಿದ್ದುತ್ತದೆ? ಕನ್ನಡ ಓದುವವರು ಐನೂರು ಚಿತ್ರ ನೆನಪಿಟ್ಟುಕೊಳ್ಳುವುದಿಲ್ಲ. ತಲೆಕಟ್ಟು ತೆಗೆದು ಗುಡಿಸು ಹಾಕಿದರೆ ‘ಇ’ ದನಿ, ಬಲಕ್ಕೆ ಕೊಂಬು ಕೊಟ್ಟರೆ ‘ಉ’ ದನಿ ಎಂಬ ನಿಯಮವನ್ನು ಇಟ್ಟುಕೊಳ್ಳುತ್ತಾರೆ. ‘ಗಿ’ ಕಲಿತ ಮಗುವಿಗೆ ಯಾರೂ ಕಲಿಸದ ‘ಸಿ’, ‘ದಿ’ಗಳನ್ನು ಬರೆಯಲು ಹೇಳಿ ನೋಡಿ. ಬಾಯಲ್ಲಿ ‘ಸಿ’ ಎಂದುಕೊಂಡು, ಕೊನೆಯ ‘ಇ’ಯನ್ನು ಕೇಳಿಸಿಕೊಂಡು, ಕೈ ತಾನಾಗಿ ಗುಡಿಸಿನ ಕಡೆ ಹೋದರೆ ಆ ಮಗುವಿಗೆ ಓದು ಹತ್ತಿತು ಎಂದು ತಿಳಿಯಿರಿ. ಚುಕ್ಕಿ ತಿದ್ದಿದ ಮಗು ‘ಇನ್ನೂ ಕಲಿಸಿಲ್ಲ’ ಎಂದು ಕೂರುತ್ತದೆ.

ಕೈ ನಿಜವಾಗಿ ನೆರವಾಗುವುದೂ ಕನ್ನಡದಲ್ಲಿಯೇ. ‘ದ’ ಮತ್ತು ‘ಧ’ ನಡುವೆ ಕೆಳಗೊಂದು ಸಣ್ಣ ಗೀಟು. ‘ಪ’ ಮತ್ತು ‘ಷ’ ನಡುವೆ ಹೊಟ್ಟೆಯೊಳಗೊಂದು ಗೀಟು. ಕಣ್ಣು ಇಷ್ಟು ಸಣ್ಣದನ್ನು ದಾಟಿಕೊಂಡು ಹೋಗುತ್ತದೆ; ಬರೆಯುವ ಕೈ ದಾಟಲಾರದು, ಪೆನ್ಸಿಲ್ ಎತ್ತಿ ಅದೊಂದನ್ನು ಹಾಕಲೇಬೇಕು. ಆದರೆ ಇಲ್ಲಿಯೂ ಕಿವಿಯ ಕತೆ ಇದೆ. ಎಷ್ಟೋ ಮನೆಗಳ ಮಾತಿನಲ್ಲಿ ದನಕ್ಕೂ ಧನಕ್ಕೂ ಉಚ್ಚಾರದ ಭೇದವಿಲ್ಲ. ಮನೆಯಲ್ಲಿ ಕೇಳದ ಭೇದವನ್ನು ಮಗು ಪುಸ್ತಕದಲ್ಲಿ ಕಂಡು ತಬ್ಬಿಬ್ಬಾಗಿ ಗೀಟು ಬಿಟ್ಟರೆ ನಾವು ಕೈಯನ್ನು ಬಯ್ಯುತ್ತೇವೆ, ಇನ್ನೂ ಹತ್ತು ಸಾಲು ಬರೆಸುತ್ತೇವೆ. ಮೊದಲು ಎರಡನ್ನೂ ಬಾಯ್ತುಂಬ ಹೇಳಿ ಕೇಳಿಸಬೇಕು, ಅಂಗೈಯನ್ನು ಬಾಯ ಮುಂದೆ ಹಿಡಿಸಿ ‘ಧ’ದಲ್ಲಿ ಬರುವ ಗಾಳಿಯನ್ನು ತೋರಿಸಬೇಕು. ಆಮೇಲೆ ಗೀಟಿಗೆ ಅರ್ಥ ಬರುತ್ತದೆ. ಅರ್ಕಾವತ್ತು ಇನ್ನೂ ಕಷ್ಟ. ‘ಸೂರ್ಯ’ದಲ್ಲಿ ಕಿವಿಗೆ ಮೊದಲು ಬರುವ ‘ರ್’ ಕೈಗೆ ಕೊನೆಯಲ್ಲಿ ಬರುತ್ತದೆ. ಎರಡನೇ ತರಗತಿಯ ಮಗು ಅದನ್ನು ‘ಸೂಯರ’ ಎಂದು ಓದಿದರೆ ಅದರ ಕೈ-ಕಣ್ಣು ಸರಿಯಾಗಿಯೇ ಕೆಲಸ ಮಾಡಿವೆ. ಲಿಪಿಯ ನಿಯಮವನ್ನು ಯಾರೂ ಅದಕ್ಕೆ ಹೇಳಿಲ್ಲ, ಅಷ್ಟೆ.

ಇನ್ನೊಂದು ತುದಿಗೆ ಹೋದವರೂ ಇದ್ದಾರೆ. ಪುಟ್ಟ ಮಗುವಿನ ಮಣಿಕಟ್ಟಿನ ಎಕ್ಸ್-ರೇ ಚಿತ್ರ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ: ನೋಡಿ, ಮೂಳೆಗಳೇ ಇನ್ನೂ ಕೂಡಿಲ್ಲ, ಆರು ವರ್ಷದವರೆಗೆ ಪೆನ್ಸಿಲ್ ಮುಟ್ಟಿಸಬೇಡಿ ಎಂದು. ಮಣಿಕಟ್ಟಿನ ಮೂಳೆಗಳು ಒಂದೊಂದಾಗಿ ವರ್ಷಗಟ್ಟಲೆ ಗಟ್ಟಿಯಾಗುವುದು ನಿಜ. ಆದರೆ ಅದೇ ಮಗು ಸುಣ್ಣದ ಕಡ್ಡಿಯಿಂದ ಕಟ್ಟೆಯ ಮೇಲೆ ಗೀಚುತ್ತದೆ, ಮಣ್ಣಿನಲ್ಲಿ ಕಡ್ಡಿಯಿಂದ ಬರೆಯುತ್ತದೆ, ಗೋಡೆಯನ್ನು ಬಿಡುವುದಿಲ್ಲ. ಕೆಡುಕು ಇರುವುದು ಹತ್ತು ಸಾಲಿನ ಕಡ್ಡಾಯದಲ್ಲಿ, ಗೀಚುವುದರಲ್ಲಿ ಅಲ್ಲ. ನಾಲ್ಕು ವರ್ಷದ ಮಗು ದೊಡ್ಡದಾಗಿ, ಸೊಟ್ಟದಾಗಿ, ತನಗೆ ಬೇಕಾದಾಗ ತನ್ನ ಹೆಸರಿನ ಒಂದಕ್ಷರ ಬರೆದರೆ ತಡೆಯಬೇಕಾಗಿಲ್ಲ. ಮೊಬೈಲಿನ ಗಾಜಿನ ಮೇಲೆ ಅಕ್ಷರ ತಿದ್ದಿಸುವ ಆಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವು ಚುಕ್ಕಿಯ ಪುಟವೇ. ಮಗು ಹೇಳಬೇಕಾದ ದನಿಯನ್ನೂ ಅವೇ ಹೇಳಿಬಿಡುತ್ತವೆ.

ಹಾಗಾದರೆ ಏನು ಮಾಡಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ನಮ್ಮ ಸರಕಾರಿ ಶಾಲೆಗಳದೇ ಕೂಸು. ಅದರಲ್ಲಿ ಬಹಳ ಕೊರತೆಗಳನ್ನು ಕಂಡಿದ್ದೇನೆ. ಕಾರ್ಡುಗಳು ಹರಿದುಹೋದ ಮೇಲೆ ಹೊಸವು ಬರುತ್ತಿರಲಿಲ್ಲ, ಒಬ್ಬರೇ ಶಿಕ್ಷಕರು ಮೂರು ತರಗತಿ ನೋಡಬೇಕಿತ್ತು. ಆದರೆ ಒಂದು ದೊಡ್ಡ ಕೆಲಸವನ್ನು ಅದು ಮಾಡಿತು. ‘ಅ ಆ ಇ ಈ’ ಸಾಲನ್ನು ಬಿಟ್ಟು ‘ರ ಗ ಸ ದ ಅ’ ಎಂಬ ಐದು ಅಕ್ಷರಗಳಿಂದ ಹೊರಟಿತು. ಹಿರಿಯರು ಕೆಲವರು ‘ಅಕ್ಷರಮಾಲೆ ಕೆಡಿಸಿದರು’ ಎಂದು ನೊಂದುಕೊಂಡರು. ಆದರೆ ಈ ಐದು ಬಂದ ಕೂಡಲೇ ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಓದುತ್ತದೆ, ಬರೆಯುತ್ತದೆ. ಸಾಲಿನ ಕ್ರಮದಲ್ಲಿ ಹೋದರೆ ಹದಿನೈದು ಅಕ್ಷರ ತಿದ್ದಿ ಮುಗಿಸಿದರೂ ಕೈಗೆ ಒಂದು ನೆಟ್ಟಗಿನ ಶಬ್ದ ಸಿಗುವುದು ಕಷ್ಟ.

ಆ ವಾರ ನಾನು ಪಕ್ಕದ ಮನೆಯ ಹುಡುಗನೊಂದಿಗೆ ಅದನ್ನೇ ಮಾಡಿದೆ. ಕಾಪಿ ಪುಸ್ತಕದ ಕೆಲಸ ಒಂದು ಸಾಲಿಗೆ ನಿಲ್ಲಿಸಿ ಹಳೆಯ ಪಾಟಿ ತೆಗೆದು ಒರೆಸಿಟ್ಟೆ. ‘ಗ’ ನಾನು ಒಮ್ಮೆ ದೊಡ್ಡದಾಗಿ ಬರೆದು, ಹೇಳಿ, ಅಳಿಸಿದೆ. “ಈಗ ನೀ ಬರಿ, ಬಾಯ್ಲೆ ಅಂದಕೋತ ಬರಿ” ಎಂದೆ. ಮೊದಲ ‘ಗ’ ಕುದುರೆಲಾಳದಂತೆ ಬಂತು, ತಲೆಕಟ್ಟು ಬರಲೇ ಇಲ್ಲ. ಅಳಿಸಿದ. ಎರಡನೆಯದು ಮಲಗಿಕೊಂಡಿತ್ತು. ಅಳಿಸಿದ. ಐದನೆಯದನ್ನು ನೋಡಿ ತಾನೇ “ಇದು ಗ” ಎಂದ. ಪಾಟಿಯ ದೊಡ್ಡ ಗುಣವೇ ಅದು, ತಪ್ಪು ಉಳಿಯುವುದಿಲ್ಲ, ಯಾರೂ ಕೆಂಪು ಶಾಯಿ ಹಾಕುವುದಿಲ್ಲ. ಮರುದಿನ ‘ದ’. ಅದರ ಮರುದಿನ ಎರಡನ್ನೂ ಜೋಡಿಸಿ ಆಡಿದೆವು. ಶನಿವಾರ ಅವನನ್ನು ಕರೆದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರ ತರಕಾರಿಗೆ ಹೋಗಿದ್ದೆ. ಎದುರಿಗೆ ಬಂದು ನಿಂತ ಬಸ್ಸಿನ ಹಲಗೆಯನ್ನು ನೋಡುತ್ತ ಅವನ ತೋರುಬೆರಳು ಗಾಳಿಯಲ್ಲಿ ಏನನ್ನೋ ಬರೆಯಿತು. ತುಟಿ ಅಲ್ಲಾಡಿತು. “ಗ... ದ... ಗ. ಅಕ್ಕೋರ, ಅದು ಗದಗ ಬಸ್ ಐತ್ರಿ!” ಕೈಗೂ ಓದಿಗೂ ಇರುವ ಸಂಬಂಧವನ್ನು ನಾನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪುಸ್ತಕದಲ್ಲೂ ಕಂಡಿಲ್ಲ. ಕಣ್ಣು ನೋಡಿತು, ಬೆರಳು ನೆನಪಿಸಿಕೊಂಡಿತು, ಬಾಯಿ ಹೇಳಿತು, ಕಿವಿ ಕೇಳಿ ಹೌದೆಂದಿತು.

ತಾನಾಗಿ ಬರೆಯುವ ಮಗು ತಪ್ಪು ಬರೆಯುತ್ತದೆ. ಆ ತಪ್ಪುಗಳೇ ನನಗೆ ದಾರಿ ತೋರಿಸಿದವು. ಒಂದನೇ ತರಗತಿಯ ಹುಡುಗನೊಬ್ಬ ಅವ್ವ ಎನ್ನಲು ‘ಅವ’ ಎಂದು ಬರೆದಿದ್ದ. ಎರಡು ದನಿ ಹಿಡಿದಿದ್ದಾನೆ, ಒತ್ತು ಬಿಟ್ಟಿದ್ದಾನೆ. “ಅವ್ವ ಅನ್ನು. ನಡಕ ಎಷ್ಟ ಹೊತ್ತ ನಿಂತಿ?” ಎಂದು ಕೇಳಿದೆ. ಎರಡು ಸಲ ಹೇಳಿಕೊಂಡು ಅವನೇ “ಅಲ್ಲೆ ಇನ್ನೊಂದು ವ ಐತ್ರಿ” ಎಂದ. ಆಗ ಕೆಳಗೆ ಬರೆಯುವ ಒತ್ತನ್ನು ತೋರಿಸಿದೆ. ಅವನಿಗೆ ಒತ್ತಕ್ಷರ ಬೇಕಾಗಿತ್ತು, ಆಗ ಸಿಕ್ಕಿತು. ಅದೇ ವರ್ಷ ತಾಂಡಾದಿಂದ ಬರುತ್ತಿದ್ದ ಲಂಬಾಣಿ ಹುಡುಗಿಯೊಬ್ಬಳು ಪಾಟಿಯಲ್ಲಿ ‘ಯಡ’ ಎಂದು ಬರೆದು ತೋರಿಸಿದಳು. ನನಗೆ ತಿಳಿಯಲಿಲ್ಲ. ಅವಳು ನಕ್ಕು “ಯಾಡಿ” ಎಂದಳು. ಲಂಬಾಣಿಯಲ್ಲಿ ತಾಯಿ ಎಂದರ್ಥ. ಪುಸ್ತಕದ ‘ಅಮ್ಮ’ ಅವಳ ಮನೆಯ ಮಾತಲ್ಲ. ಅದನ್ನು ಅವಳು ನೂರು ಸಲ ನೋಡಿ ಬರೆದಿದ್ದಳು, ಒಮ್ಮೆಯೂ ಓದಿರಲಿಲ್ಲ. ‘ಯಡ’ವನ್ನು ಯಾರೂ ಬರೆಸಿರಲಿಲ್ಲ. ದೀರ್ಘ, ಗುಡಿಸು ಕಲಿತ ದಿನ ಅವಳು ಮೊದಲು ಮಾಡಿದ ಕೆಲಸವೆಂದರೆ ಆ ಶಬ್ದವನ್ನು ಸರಿಪಡಿಸಿದ್ದು.

ಇದೆಲ್ಲ ನಲವತ್ತು ಮಕ್ಕಳ ತರಗತಿಯಲ್ಲಿ ಆಗುವ ಮಾತೇ ಎಂದು ಶಿಕ್ಷಕರು ಕೇಳಬಹುದು. ನಾನೂ ಆ ತರಗತಿಯಲ್ಲಿ ನಿಂತವಳು. ಚುಕ್ಕಿಯ ಪುಟ ಉಳಿದುಕೊಂಡಿರುವುದು ಅದರಿಂದ ಓದು ಬರುತ್ತದೆಂದಲ್ಲ. ಅದು ಮಕ್ಕಳನ್ನು ಸುಮ್ಮನೆ ಕೂರಿಸುತ್ತದೆ, ತಪಾಸಣೆಗೆ ಬಂದವರಿಗೆ ತೋರಿಸಲು ಸಿಗುತ್ತದೆ, ಫೀ ಕಟ್ಟಿದ ತಂದೆತಾಯಿಗೆ ಕಣ್ಣಿಗೆ ಕಾಣುವ ಲೆಕ್ಕ ಕೊಡುತ್ತದೆ. ಓದು ಕಲಿತದ್ದು ಹಾಗೆ ಪುಟದಲ್ಲಿ ಕಾಣುವುದಿಲ್ಲ, ಮಗುವಿನ ಬಾಯಿಂದ ಕೇಳಬೇಕು. ಕೇಳಲು ಹೊತ್ತು ಬೇಕು. ಆದರೆ ನಲವತ್ತು ಪಾಟಿಗಳಲ್ಲಿ ‘ಸರ’ ಬರೆಸಿ ಮೇಲೆತ್ತಿ ಹಿಡಿಸಿದರೆ ಎರಡು ನಿಮಿಷದಲ್ಲಿ ಯಾರಿಗೆ ಬಂದಿದೆ, ಯಾರಿಗೆ ಇಲ್ಲ ಎಂದು ಕಾಣುತ್ತದೆ. ನಲವತ್ತು ಕಾಪಿ ಪುಸ್ತಕಕ್ಕೆ ಸಹಿ ಹಾಕಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಹೋಮ್‌ವರ್ಕ್ ಕೊಡುವವರಲ್ಲಿ ನನ್ನ ಬೇಡಿಕೆ ಇಷ್ಟೆ. ಹತ್ತು ಸಾಲು ಕೊಡಬೇಡಿ, ಒಂದು ಶಬ್ದ ಕೊಡಿ. ಅದನ್ನು ಮಗು ಪುಸ್ತಕ ಮುಚ್ಚಿ ಬರೆಯಲಿ, ಎಷ್ಟೇ ಸೊಟ್ಟಗಿರಲಿ. ಮನೆಯಲ್ಲಿ ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು, ಬರೆದದ್ದನ್ನು ಅದರ ಬಾಯಿಂದಲೇ ಓದಿಸಿ ಕೇಳಲಿ. ಓದು ಬಾರದ ತಾಯಿಯೂ ಕೇಳಬಲ್ಲಳು.